ನದಾಫ ಸರ್, ‘ಹದ’ ಮತ್ತು ತಪ್ಪಿನ ಪುಟದ ಒಂದು ತಾರೀಖು

ಪ್ರೊ. ಬುರಾನಸಾಬ ನದಾಫ ಅವರನ್ನು ಯಾವ ಕ್ಷೇತ್ರದವರೆಂದು ಕರೆದು ಈ ಲೇಖನವನ್ನು ಆರಂಭಿಸಬೇಕೆಂಬುದೇ ನನಗೆ ಸ್ಪಷ್ಟವಾಗಿಲ್ಲ. ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಮೂವತ್ತೈದು ವರ್ಷ ಭೌತವಿಜ್ಞಾನ ಕಲಿಸಿದವರು ಎಂದರೆ ಅದು ನಿಜ. ಆದರೆ ಅವರ ಹೆಸರು ಬಲ್ಲ ಹೊರದೇಶದ ನಾಲ್ಕಾರು ವಿಜ್ಞಾನಿಗಳಿಗೆ ಅವರು ತರಗತಿಯಲ್ಲಿ ನಿಂತು ಪಾಠ ಹೇಳುತ್ತಿದ್ದರೆಂಬುದೇ ಗೊತ್ತಿರಲಿಕ್ಕಿಲ್ಲ. ವೈದ್ಯರು ಅವರನ್ನು ಕಂಪ್ಯೂಟರಿನವರು ಅನ್ನುತ್ತಾರೆ, ಕಂಪ್ಯೂಟರಿನವರು ಮಾಸ್ತರರು ಅನ್ನುತ್ತಾರೆ, ರಾಮದುರ್ಗದ ಹಿರಿಯರು ಇಂದಿಗೂ ‘ಗಾದಿ ಹೊಲಿಯುವ ಮೌಲಾಸಾಬರ ಮಗ’ ಅನ್ನುತ್ತಾರೆ. ಎಂ.ಆರ್.ಐ. ಸ್ಕ್ಯಾನರುಗಳು ಕಂಪನಿಗೊಂದು ಭಾಷೆ ಆಡುತ್ತಿದ್ದ ಕಾಲದಲ್ಲಿ, ಒಂದೇ ಬರಹವನ್ನು ಬೇರೆ ಬೇರೆ ಯಂತ್ರಗಳು ಓದಿ ನಡೆಯುವಂತೆ ಮಾಡುವ ತಂತ್ರಾಂಶವನ್ನು ತಾಲೂಕಿನ ಊರಲ್ಲಿ ಕೂತು ಕಟ್ಟಿ, ಬೇಕಾದವರು ಒಯ್ಯಲಿ, ತಿದ್ದಲಿ, ಮತ್ತೊಬ್ಬರಿಗೆ ಕೊಡಲಿ ಎಂದು ಬಿಟ್ಟುಕೊಟ್ಟವರು ಅವರು. ಇದನ್ನು ಒಂದು ವಾಕ್ಯದಲ್ಲಿ ಹೇಳಬಹುದು. ಹೇಳಿದ ಮೇಲೂ ಅವರು ಯಾರೆಂದು ಹೇಳಿದಂತಾಗುವುದಿಲ್ಲ.

ಸಂಪಾದಕ ಮಂಡಳಿಯವರು ನನಗೆ ಕೊಟ್ಟ ವಿಷಯ ‘ವ್ಯಕ್ತಿತ್ವ ಮತ್ತು ಸಾಧನೆ’. ಸಾಧನೆಯ ಬಗ್ಗೆ ಬರೆಯಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬೇರೆಯವರಿದ್ದಾರೆ. ನಾನು ಬರೆಯುವುದು ಬಹುಪಾಲು ೨೦೦೬ರ ಮಾರ್ಚಿನ ಕೆಲವು ದಿನಗಳ ಬಗ್ಗೆ. ಸರ್ ಅವರನ್ನು ನಾನು ಅತಿ ಕಡಿಮೆ ಅರ್ಥ ಮಾಡಿಕೊಂಡದ್ದು ಆ ದಿನಗಳಲ್ಲಿ. ಅದಕ್ಕೇ ಅವು ನನ್ನಲ್ಲಿ ಉಳಿದಿವೆ.

ಅವರು ಹುಟ್ಟಿದ್ದು ೧೯೫೦ರಲ್ಲಿ, ರಾಮದುರ್ಗದಲ್ಲಿ. ತಂದೆ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಮನೆಮನೆಗೆ ಹೋಗಿ ಅಂಗಳದಲ್ಲಿ ಕೂತು ಹಳೆಯ ಹತ್ತಿಯನ್ನು ಬಿಲ್ಲಿನಿಂದ ಹಿಂಜುವಾಗ ಮಗ ಜೊತೆಗಿರುತ್ತಿದ್ದರಂತೆ. ೧೯೭೩ರಲ್ಲಿ ಬೈಲಹೊಂಗಲಕ್ಕೆ ಅಧ್ಯಾಪಕರಾಗಿ ಬಂದರು. ಊರು ಬಿಟ್ಟು ಹೋಗುವ ಅವಕಾಶ ಎರಡು ಸಲ ಬಂದಾಗಲೂ ಹೋಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, “ಇಲ್ಲಿ ಕರೆಂಟ್ ಭಾಳ ಹೋಗತೈತಿ, ಪ್ರಯೋಗಕ್ಕ ಛಲೋ” ಅನ್ನುತ್ತಿದ್ದರು. ಅದು ತಮಾಷೆಯೆಂದು ನಾವೆಲ್ಲ ತಿಳಿದಿದ್ದೆವು.

ತಮಾಷೆಯಲ್ಲವೆಂದು ನನಗೆ ಗೊತ್ತಾದದ್ದು ೧೯೯೬ರಲ್ಲಿ. ಸಂಗೊಳ್ಳಿಯಿಂದ ದಿನವೂ ಬಸ್ಸಿಗೆ ಬರುತ್ತಿದ್ದ ನಾನು ಆಗ ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿ. ಒಂದು ರವಿವಾರ ಸರ್ ನಮ್ಮಲ್ಲಿ ನಾಲ್ವರನ್ನು ಮುನವಳ್ಳಿಯ ಆಚೆ, ಮಲಪ್ರಭೆಯ ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋದರು. ಸುತ್ತ ಎಲ್ಲಿಯೂ ವಿದ್ಯುತ್ ತಂತಿ ಇಲ್ಲದ ಜಾಗ ಅವರಿಗೆ ಬೇಕಾಗಿತ್ತು; ಕರೆಂಟಿನ ಗುಂಯ್ ಸದ್ದು ಅವರ ಪ್ರಯೋಗದ ಸಣ್ಣ ದನಿಯನ್ನು ಮುಚ್ಚಿಬಿಡುತ್ತಿತ್ತು. ಒಂದು ಪ್ಲಾಸ್ಟಿಕ್ ಡಬ್ಬಿಯ ತುಂಬ ನೀರು, ಅದರ ಸುತ್ತ ತಾಮ್ರದ ತಂತಿಯ ಸುರುಳಿ, ಒಂದು ಟ್ರ್ಯಾಕ್ಟರ್ ಬ್ಯಾಟರಿ, ಅವರೇ ಕಟ್ಟಿದ ಧ್ವನಿವರ್ಧಕ, ಒಂದು ಹೆಡ್‌ಫೋನು. ಬ್ಯಾಟರಿಯಿಂದ ನಾಲ್ಕು ಸೆಕೆಂಡು ವಿದ್ಯುತ್ ಹರಿಸಿ ಥಟ್ಟನೆ ನಿಲ್ಲಿಸಿದರೆ ನೀರಿನೊಳಗಿನ ಜಲಜನಕದ ಬೀಜಕಣಗಳು ಭೂಮಿಯ ಕಾಂತಕ್ಕೆ ಬುಗುರಿಗಳಂತೆ ತೊನೆಯುತ್ತವೆ, ಆ ತೊನೆದಾಟ ಸುರುಳಿಯಲ್ಲಿ ಸಣ್ಣ ಸಿಳ್ಳಾಗಿ ಕೇಳುತ್ತದೆ ಎಂದು ವಿವರಿಸಿದರು. ದೊಡ್ಡ ಆಸ್ಪತ್ರೆಗಳ ಸ್ಕ್ಯಾನರು ಮಾಡುವುದೂ ಇದನ್ನೇ: ದೇಹದೊಳಗಿನ ನೀರನ್ನು ಬಡಿದೆಬ್ಬಿಸುವುದು, ಕಾಯುವುದು, ಕೇಳುವುದು.

“ಕೇಳಿಸ್ತೇನು?” ಎಂದರು.

“ಇಲ್ರಿ ಸರ್.”

“ಕೇಳಿಸಲಿಲ್ಲ ಅಂತ ಬರಕೋ. ಹೊತ್ತು ಹಾಕು.”

ಹದಿನಾರು ಸಲ ನಾನು ‘ಕೇಳಿಸಲಿಲ್ಲ’ ಎಂದು ಬರೆದೆ. ಹದಿನೇಳನೆಯ ಸಲ, ಬಹುದೂರದಲ್ಲಿ ಯಾರೋ ಹಾಕಿದ ಸಿಳ್ಳು ಗಾಳಿಯಲ್ಲಿ ಕರಗಿದಂತೆ, ಎರಡು ಸೆಕೆಂಡು ಕೇಳಿಸಿತು. ನೀರು ಉಲಿದದ್ದಕ್ಕಿಂತ, ಉಲಿಯುವ ಮುಂಚಿನ ಆ ಮೌನವೂ ಪ್ರಯೋಗದ ಭಾಗವೆಂದು ಯಾರಾದರೂ ನನಗೆ ಹೇಳಿದ್ದು ಅದೇ ಮೊದಲು. ಅಂದಿನಿಂದ ನಾನು ಅವರ ಹಿಂದೆ ಬಿದ್ದೆ.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ೨೦೦೧ರಲ್ಲಿ ಅಲ್ಲಿನ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗಕ್ಕೆ ಭೌತವಿಜ್ಞಾನಿಯಾಗಿ ಸೇರಿದೆ. ಮರುವರ್ಷ ಬೈಲಹೊಂಗಲದ ಡಾ. ಉಮಾಶ್ರೀ ತಮ್ಮ ರೋಗಪರೀಕ್ಷಾ ಕೇಂದ್ರಕ್ಕೆ ಹಳೆಯದೊಂದು ಚಿಕ್ಕ ಸ್ಕ್ಯಾನರ್ ತರಿಸಿದರು. ಅದನ್ನು ತಯಾರಿಸಿದ ಕಂಪನಿ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಆರು ತಿಂಗಳಲ್ಲಿ ಯಂತ್ರದ ಕಂಪ್ಯೂಟರ್ ಕೆಟ್ಟಿತು. ಕಾಂತ ಗಟ್ಟಿಯಾಗಿತ್ತು, ಆಜ್ಞೆ ಕೊಡುವವರು ಇರಲಿಲ್ಲ. ಡಾಕ್ಟರರು ನದಾಫ ಸರ್ ಅವರ ಬಳಿ ಬಂದರು. ಸರ್ ತಮ್ಮ ಇನ್ನೊಬ್ಬ ವಿದ್ಯಾರ್ಥಿನಿ, ಸವದತ್ತಿಯ ಹಿನಾಕೌಸರ ಅವರನ್ನು ಕರೆಸಿದರು. ಹಿನಾ ಆಗಷ್ಟೇ ಎಂ.ಸಿ.ಎ. ಮುಗಿಸಿ ಮನೆಯಲ್ಲಿದ್ದರು.

‘ಹದ’ ಎಂಬ ಆ ತಂತ್ರಾಂಶ ಹುಟ್ಟಿದ್ದು ಹೀಗೆ. ಸ್ಕ್ಯಾನರಿಗೆ ಕೊಡುವ ಆಜ್ಞೆಗಳ ಸರಣಿಗೆ ಸೀಕ್ವೆನ್ಸ್ ಎನ್ನುತ್ತಾರೆ: ಇಷ್ಟು ಹೊತ್ತು ಬಡಿ, ಇಷ್ಟು ಹೊತ್ತು ಕಾಯು, ಆಮೇಲೆ ಕೇಳು. ಪ್ರತಿ ಕಂಪನಿಯೂ ಇದನ್ನು ತನ್ನದೇ ಭಾಷೆಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಿರುತ್ತದೆ. ಸರ್ ಅದನ್ನು ಯಾರು ಬೇಕಾದರೂ ಓದಬಹುದಾದ ಸಾದಾ ಅಕ್ಷರಗಳ ಒಂದು ಕಡತದಲ್ಲಿ ಬರೆದರು. ಆ ಕಡತವನ್ನು ಆಯಾ ಯಂತ್ರಕ್ಕೆ ತಿಳಿಹೇಳಿ, ಯಂತ್ರ ಕೇಳಿಸಿಕೊಂಡದ್ದನ್ನು ಚಿತ್ರವಾಗಿ ಮೂಡಿಸುವ ಸಣ್ಣ ಪ್ರೋಗ್ರಾಮಿಗೆ ನಾವು ‘ದುಭಾಷಿ’ ಎಂದು ಹೆಸರಿಟ್ಟೆವು. ಬೈಲಹೊಂಗಲದ ಯಂತ್ರದ ದುಭಾಷಿಯನ್ನು ಹಿನಾ ಬರೆದರು, ಧಾರವಾಡದ ಯಂತ್ರದ್ದನ್ನು ನಾನು. ೨೦೦೪ರಲ್ಲಿ ಇಡೀ ತಂತ್ರಾಂಶವನ್ನು ಬಜಾರ ರಸ್ತೆಯ ಸೈಬರ್ ಕೆಫೆಯಿಂದ ಅಂತರಜಾಲಕ್ಕೆ ಏರಿಸಿದಾಗ ಕರೆಂಟ್ ಮೂರು ಸಲ ಹೋಯಿತು. ನಾಲ್ಕನೆಯ ಸಲ ಏರಿತು. ಕೆಫೆಯವನು, “ಸರ್, ಇದನ್ನ ಯಾರ ಬೇಕಾದ್ರೂ ಒಯ್ಯಬಹುದಾ? ಹಂಗಾದ್ರ ಇದರಾಗ ನಿಮಗೇನ ಲಾಭರಿ?” ಎಂದು ಕೇಳಿದ. “ನನ್ನ ತಪ್ಪು ಮಂದಿ ಹುಡುಕಿ ಕೊಡತಾರ. ಮನ್ಯಾಗ ಇಟಗೊಂಡ್ರ ಯಾರ ಹುಡುಕತಾರ?” ಎಂದರು ಸರ್.

ಆ ಮಾತಿಗೆ ತಕ್ಕಂತೆ ಅವರು ಒಂದು ಪದ್ಧತಿ ಮಾಡಿದ್ದರು. ತಂತ್ರಾಂಶದ ಕೈಪಿಡಿಯ ಮೊದಲ ಪುಟ ಬಳಸುವ ಕ್ರಮವಾಗಿರಲಿಲ್ಲ, ತಪ್ಪಿನ ಪುಟವಾಗಿತ್ತು. ಅದರಲ್ಲಿ ಮೂರು ಅಂಕಣ: ತಪ್ಪು ಏನು, ಹುಡುಕಿದವರು ಯಾರು, ಯಾವ ದಿನ. ತಪ್ಪು ಮಾಡಿದವರ ಹೆಸರಿಗೆ ಅಂಕಣವಿರಲಿಲ್ಲ. ಇನ್ನೊಂದು ಪದ್ಧತಿ ತಂದೆಯಿಂದ ಬಂದದ್ದು. ಹೊಸ ಕಡತ ಸಿದ್ಧವಾದಾಗಲೆಲ್ಲ, ಪ್ರತಿ ಯಂತ್ರದಲ್ಲಿಯೂ ಮೊದಲು ಮಲಗುವವರು ಸರ್ ಅವರೇ. “ಗಾದಿ ಹೊಲದಾಂವ ಮೊದಲ ತಾ ಬಿದ್ದು ನೋಡಬೇಕು, ಹಿಂದಾಗಡೆ ಮಂದಿಗೆ ಕೊಡಬೇಕು” ಅನ್ನುತ್ತಿದ್ದರು. ಡಾ. ಉಮಾಶ್ರೀ ಅವರ ಕಪಾಟಿನಲ್ಲಿ ಸರ್ ಅವರ ತಲೆಯ ಚಿತ್ರಗಳು ಎಷ್ಟಿದ್ದವೆಂದರೆ, “ನಿಮ್ಮ ತಲಿ ನಿಮಗಿಂತ ನನಗ ಹೆಚ್ಚು ಗೊತ್ತೈತ್ರಿ” ಎಂದು ಅವರು ನಗುತ್ತಿದ್ದರು.

೨೦೦೬ರ ಜನವರಿಯಲ್ಲಿ ಕಿವಿಯ ಹಿಂಭಾಗದ ನರಗಳನ್ನೂ ತಲೆಯ ತಳಭಾಗವನ್ನೂ ಸೂಕ್ಷ್ಮವಾಗಿ ಕಾಣಿಸುವ ಹೊಸ ಕಡತವೊಂದು ಸಿದ್ಧವಾಯಿತು. ಬೈಲಹೊಂಗಲದ ಯಂತ್ರ ಆಗ ದುರಸ್ತಿಯಲ್ಲಿತ್ತು. ಸರ್ ಧಾರವಾಡಕ್ಕೆ ಬಂದು ನಮ್ಮ ಯಂತ್ರದಲ್ಲಿ ಮಲಗಿದರು. ಚಿತ್ರ ನಿರ್ಮಲವಾಗಿ ಬಂತು. ಫೆಬ್ರವರಿಯಲ್ಲಿ ಹದಿನಾಲ್ಕು ರೋಗಿಗಳನ್ನು ಅದೇ ಕಡತದಿಂದ ನೋಡಿದೆವು. ಯಾರಲ್ಲಿಯೂ ಏನೂ ಕಾಣಲಿಲ್ಲ. ಹದಿನಾಲ್ಕೂ ಜನರನ್ನು ಸಮಾಧಾನ ಹೇಳಿ ಮನೆಗೆ ಕಳಿಸಲಾಯಿತು.

ಮಾರ್ಚ್ ಮೂರರಂದು ಬೈಲಹೊಂಗಲದ ಯಂತ್ರ ಮತ್ತೆ ಶುರುವಾಯಿತು. ಪದ್ಧತಿಯಂತೆ ಸರ್ ಅದರಲ್ಲಿಯೂ ಮಲಗಿದರು. ಅದೇ ಕಡತ, ಅದೇ ತಲೆ. ಬಲಗಿವಿಯ ನರದ ಮೇಲೆ ಕಡಲೆ ಕಾಳಿನಷ್ಟು ಬಿಳಿಯ ಚುಕ್ಕೆ.

ಏಳನೆಯ ತಾರೀಖು ಧಾರವಾಡದಲ್ಲಿ ಮತ್ತೊಮ್ಮೆ ನೋಡಿದೆವು. ಚುಕ್ಕೆ ಇರಲಿಲ್ಲ.

ನಮ್ಮ ಗೊಂದಲವನ್ನು ಓದುಗರಿಗೆ ಸರಿಯಾಗಿ ತಿಳಿಸಬೇಕು. ಒಂದೇ ಬರಹವನ್ನು ಎಲ್ಲ ಯಂತ್ರಗಳೂ ಒಂದೇ ರೀತಿ ಓದಬೇಕೆಂಬುದೇ ‘ಹದ’ದ ಪ್ರತಿಜ್ಞೆ. ಎರಡು ಚಿತ್ರಗಳಲ್ಲಿ ಒಂದು ಸುಳ್ಳು. ಹಿನಾ ಅವರ ದುಭಾಷಿ ತಪ್ಪಾಗಿದ್ದರೆ ಸರ್ ಆರೋಗ್ಯವಾಗಿದ್ದಾರೆ. ನನ್ನ ದುಭಾಷಿ ತಪ್ಪಾಗಿದ್ದರೆ ಸರ್ ಅವರ ತಲೆಯಲ್ಲಿ ಗಂಟಿದೆ. ಅಷ್ಟೇ ಅಲ್ಲ, ಏನೂ ಇಲ್ಲವೆಂದು ನಾವು ಮನೆಗೆ ಕಳಿಸಿದ ಹದಿನಾಲ್ಕು ಜನರ ಚಿತ್ರಗಳನ್ನೂ ನಂಬುವಂತಿಲ್ಲ.

ಮಾರ್ಚ್ ಹನ್ನೊಂದರ ಶನಿವಾರ ಡಾ. ಉಮಾಶ್ರೀ ಅವರ ಕೋಣೆಯಲ್ಲಿ ನಾವು ನಾಲ್ವರೂ ಸೇರಿದೆವು. ಎರಡು ಚಿತ್ರಗಳೂ ಬೆಳಕಿನ ಹಲಗೆಯ ಮೇಲಿದ್ದವು.

“ನಂದ ತಪ್ಪಿರಬೇಕ್ರಿ ಸರ್” ಎಂದರು ಹಿನಾ. “ನಮ್ಮ ಮಷೀನ ಹಳೇದು. ಧಾರವಾಡದ್ದು ಅಷ್ಟ ದೊಡ್ಡದು. ಅದ್ಯಾಕ ಸುಳ್ಳ ಹೇಳತೈತಿ?”

“ದೊಡ್ಡವರು ಸುಳ್ಳ ಹೇಳೂದಿಲ್ಲ ಅಂತ ನಿನಗ ಯಾರ ಕಲಿಸ್ಯಾರ ಬೇಟಾ? ನಾ ಅಂತೂ ಕಲಿಸಿಲ್ಲ” ಎಂದರು ಸರ್.

ಡಾಕ್ಟರರು ನಗಲಿಲ್ಲ. “ಸರ್, ಬಲಗಿವಿ ಮಂದ ಆಗೈತೇನ್ರಿ?”

“ಮೂವತ್ತ್ಮೂರು ವರ್ಷ ಹುಡುಗೂರ ಗದ್ದಲ ಕೇಳೇನ್ರಿ ಡಾಕ್ಟ್ರ. ಎಡಗಿವಿ ಹ್ಯಾಂಗ ಉಳದೈತಿ ಅನ್ನೂದ ಆಶ್ಚರ್ಯ.”

“ಚೇಷ್ಟಿ ಬ್ಯಾಡ್ರಿ. ನಾಳೆನ ಧಾರವಾಡಕ್ಕ ಹೋಗ್ರಿ. ‘ಹದ’ ಬದಿಗಿಡ್ರಿ. ಕಂಪನಿಯವರ ಸ್ವಂತ ಪ್ರೋಗ್ರಾಮ ಹಾಕಿ ಒಂದು ಫೋಟೋ ತಗೀಲಿ. ಅರ್ಧ ತಾಸಿನ್ಯಾಗ ಗೊತ್ತಾಗತೈತಿ.”

ಇಷ್ಟು ಸರಳವಾದ ದಾರಿ ಇತ್ತು. ಸರ್ ಒಲ್ಲೆನೆಂದರು. ಚುಕ್ಕೆ ಖರೆಯಾಗಿದ್ದರೂ ಅದು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವಂಥದ್ದೆಂದು ಡಾಕ್ಟರರಿಂದಲೇ ಹೇಳಿಸಿಕೊಂಡು, ಹತ್ತು ದಿನ ಕೇಳಿದರು.

“ಆ ಫೋಟೋ ಬಂತಂದ್ರ ನನ್ನ ತಲಿದು ಗೊತ್ತಾಗತೈತಿ. ಇವರಿಬ್ಬರೂ ನನ್ನ ಹಿಂದ ದವಾಖಾನಿಗೆ ತಿರಗತಾರ, ಹುಡುಕೂದು ಬಿಡತಾರ. ನನ್ನ ತಲಿ ಒಂದ. ಅವರವು ಹದಿನಾಲ್ಕು.”

ಹದಿನಾಲ್ಕು ಜನರನ್ನು ಮರಳಿ ಕರೆಸಬೇಕಾದರೆ ದೋಷ ಎಲ್ಲಿದೆಯೆಂದು ತೋರಿಸಬೇಕೆಂದು ನಮ್ಮ ಆಸ್ಪತ್ರೆಯ ಹಿರಿಯರು ಹೇಳಿದ್ದರು. ಅದು ನ್ಯಾಯದ ಮಾತೇ; ಕಾರಣವಿಲ್ಲದೆ ಹದಿನಾಲ್ಕು ಮನೆಗಳಲ್ಲಿ ಭಯ ಹುಟ್ಟಿಸಲಾಗದು. ಹಾಗಾಗಿ ತಪ್ಪನ್ನು ಹುಡುಕುವುದೇ ಮೊದಲ ಕೆಲಸವೆಂಬ ಸರ್ ಅವರ ವಾದವನ್ನು ನಾವು ಒಪ್ಪಿಕೊಂಡೆವು.

ಆದರೆ ಮರುದಿನ ಅವರ ಮನೆಗೆ ಹೋದಾಗ ಅವರ ಪತ್ನಿ ಹುಸೇನಮಾ ಅವರು ಚಹಾ ಕೊಡುತ್ತ ಹೇಳಿದ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. “ಅವರು ಅಂಜ್ಯಾರ. ನಿಮಗದು ದೊಡ್ಡಗುಣ ಕಾಣತೈತಿ. ನನಗ ಅಂಜಿಕಿ ಕಾಣತೈತಿ. ಎರಡೂ ಇರಬಹುದೇನೋ, ನಾ ಸಾಲಿ ಕಲತಾಕಿ ಅಲ್ಲ.” ಪಕ್ಕದ ಕೋಣೆಯಲ್ಲಿ ಸರ್ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ, ಎದ್ದು ಬರಲಿಲ್ಲ.

ಆ ಹತ್ತು ದಿನಗಳಲ್ಲಿ ವಿಚಿತ್ರವೊಂದು ನಡೆಯಿತು. ಯಂತ್ರ ತಪ್ಪಿದಾಗ ಪ್ರತಿಯೊಬ್ಬರೂ ತನ್ನದು ಸರಿ, ಎದುರಿನವರದು ತಪ್ಪು ಅನ್ನುವುದು ಲೋಕರೂಢಿ. ಹಿನಾ ತಮ್ಮದೇ ತಪ್ಪೆಂದು ಸಾಧಿಸಲು ದಿನವಿಡೀ ತಮ್ಮ ದುಭಾಷಿಯ ಸಾಲು ಸಾಲನ್ನೂ ಬಗೆದು ನೋಡಿದರು. ಕಾಯುವ ಹೊತ್ತುಗಳನ್ನೆಲ್ಲ ಅಳೆದರು. ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು.

“ಮಡಿವಾಳೆಪ್ಪಣ್ಣ, ಇನ್ನೂ ಸಿಗವಲ್ದು. ನನ್ನ ತಪ್ಪು ಇಷ್ಟ ಚೆಂದ ಎಲ್ಲಿ ಅಡಗೇತೋ. ನೀವು ನಿಮ್ಮದು ನೋಡಿದ್ರೇನು?”

“ನೋಡಾಕ ಹತ್ತೀನಿ” ಅನ್ನುತ್ತಿದ್ದೆ. ನೋಡುತ್ತಿರಲಿಲ್ಲ. ನನ್ನ ಪರದೆಯ ಮೇಲೆ ಕಡತ ತೆರೆದಿರುತ್ತಿತ್ತು, ನಾನು ಅದರ ಮುಂದೆ ಕೂತಿರುತ್ತಿದ್ದೆ, ಅಷ್ಟೇ. ಹುಡುಕಿದರೆ ಸಿಗಬಹುದೆಂಬ ಭಯ ಒಂದು ಕಡೆ. ಸಿಕ್ಕರೆ ಅದು ಸರ್ ಅವರ ತಲೆಯಲ್ಲಿ ಸಿಕ್ಕಂತೆ ಎಂಬ ಭಯ ಇನ್ನೊಂದು ಕಡೆ. ಎರಡರಲ್ಲಿ ಯಾವುದು ನನ್ನನ್ನು ಹಿಡಿದಿತ್ತೆಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು.

ಮಾರ್ಚ್ ಹದಿನಾರರ ಗುರುವಾರ ಮಧ್ಯಾಹ್ನ ಕೊನೆಗೂ ಓದತೊಡಗಿದೆ. ಒಂದು ತಾಸೂ ಬೇಕಾಗಲಿಲ್ಲ.

ಹಿಂದಿನ ವರ್ಷ ಕಿತ್ತೂರಿನಲ್ಲಿ ಒಂದು ವಿಜ್ಞಾನ ಪ್ರದರ್ಶನ ನಡೆದಿತ್ತು. ನಮ್ಮ ಚಿತ್ರಗಳನ್ನು ಅಲ್ಲಿ ತೂಗುಹಾಕಿದ್ದೆವು. ಹಳದಿ ಪೇಟದ ಹಿರಿಯರೊಬ್ಬರು ಹತ್ತಿರ ಬಂದು ನೋಡಿ, “ಏನ್ರಿ ಮಾಸ್ತರ, ಇದು ತಲಿ ಐತೋ ರವಾ ಉಂಡಿ ಐತೋ?” ಎಂದರು. ಸುತ್ತಲಿನವರು ನಕ್ಕರು, ಎಲ್ಲರಿಗಿಂತ ಹೆಚ್ಚಾಗಿ ಸರ್ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಚಿತ್ರ ನಿಜಕ್ಕೂ ರವೆಯಂತೆ ಹರಳು ಹರಳಾಗಿತ್ತು. ಮರುದಿನದ ಪ್ರದರ್ಶನಕ್ಕೆಂದು ಧಾರವಾಡದ ದುಭಾಷಿಯಲ್ಲಿ ಹನ್ನೊಂದು ಸಾಲು ಸೇರಿಸಿದೆ. ಅವು ಪಕ್ಕಪಕ್ಕದ ಹರಳುಗಳನ್ನು ಒಂದರೊಳಗೊಂದು ಬೆರೆಸಿ ಚಿತ್ರವನ್ನು ನುಣುಪು ಮಾಡುತ್ತಿದ್ದವು. ಚಿತ್ರ ಚೆಂದ ಕಂಡಿತು, ಮಂದಿ ಮೆಚ್ಚಿದರು. ಪ್ರದರ್ಶನ ಮುಗಿದ ಮೇಲೆ ಆ ಸಾಲುಗಳನ್ನು ತೆಗೆಯಬೇಕಾಗಿತ್ತು. ತೆಗೆಯಲಿಲ್ಲ. ಮರೆತೆನೋ, ಚೆಂದ ಕಾಣುತ್ತಿದೆಯಲ್ಲ ಇರಲಿ ಎಂದು ಬಿಟ್ಟೆನೋ, ಪ್ರಾಮಾಣಿಕವಾಗಿ ಹೇಳಲಾರೆ. ರವೆಯನ್ನು ಅಳಿಸುವ ಸಾಲುಗಳು ಕಡಲೆ ಕಾಳನ್ನೂ ಅಳಿಸಿದ್ದವು.

ಹನ್ನೊಂದು ಸಾಲುಗಳನ್ನು ತೆಗೆದು, ಏಳನೆಯ ತಾರೀಖಿನ ಸರ್ ಅವರ ದತ್ತಾಂಶದಿಂದ ಚಿತ್ರವನ್ನು ಮತ್ತೆ ಮೂಡಿಸಿದೆ. ಬಲಗಿವಿಯ ನರದ ಮೇಲೆ ಬಿಳಿಯ ಚುಕ್ಕೆ ಇತ್ತು. ಬೈಲಹೊಂಗಲದ ಹಳೆಯ ಯಂತ್ರ ನಿಜ ಹೇಳಿತ್ತು.

ಯಾರಿಗೂ ಹೇಳಲಿಲ್ಲ. ಶುಕ್ರವಾರ, ಶನಿವಾರ, ರವಿವಾರ ಕಳೆದವು. ಹಿನಾ ಅವರ ಫೋನು ಬಂದಾಗ ‘ಸಿಕ್ಕಿಲ್ಲ’ ಎಂದೆ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬೈಲಹೊಂಗಲಕ್ಕೆ ಹೋಗಿ, ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದ ಸರ್ ಅವರ ಮುಂದೆ ಎರಡು ಚಿತ್ರಗಳನ್ನೂ ಸಾಲುಗಳ ಮುದ್ರಿತ ಹಾಳೆಯನ್ನೂ ಇಟ್ಟೆ. ಅವರು ಚುಕ್ಕೆಯನ್ನು ನೋಡಲಿಲ್ಲ. ಮೊದಲು ನೋಡಿದ್ದು ಆ ಹನ್ನೊಂದು ಸಾಲುಗಳನ್ನು. ಮೂರು ಸಲ ಓದಿದರು. “ಹಿನಾಗ ಹೇಳು. ಆಕೀ ಜೀವ ತಿಂದಕೊಂಡಾಳ” ಎಂದರು. ಆಮೇಲೆ ತಪ್ಪಿನ ಪುಟ ತೆರೆದರು.

“ಹುಡುಕಿದವರು ಅನ್ನೂ ಕಡೆ ನಿನ್ನ ಹೆಸರ ಹಾಕು.”

“ಸರ್, ತಪ್ಪ ಮಾಡಿದಾಂವನ ನಾ.”

“ಅದಕ್ಕ ಅಂಕಣ ಇಲ್ಲ. ಹುಡುಕಿದಾಂವ ನೀನ ಹೌದಲ್ಲೋ? ಹಾಕು. ಯಾವತ್ತು ಸಿಕ್ಕಿತು?”

“ಇವತ್ತರಿ” ಎಂದೆ. ಮಾರ್ಚ್ ಇಪ್ಪತ್ತು ಎಂದು ಬರೆದೆ. ಅವರು ತಾರೀಖನ್ನು ಒಮ್ಮೆ ನೋಡಿದರು. ಪುಟ ಮುಚ್ಚಿದರು.

ಆಮೇಲಿನದೆಲ್ಲ ಬೇಗ ನಡೆಯಿತು. ಹದಿನಾಲ್ಕೂ ಜನರನ್ನು ಕರೆಸಿದೆವು. ಹದಿಮೂರು ಜನರಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಹದಿನಾಲ್ಕನೆಯವರು ಹೂಲಿಯ ಗುರವ್ವ. ಅವರ ತಲೆಯ ತಳಭಾಗದಲ್ಲಿ ಒಂದು ಗಂಟಿತ್ತು. ಅವರಿಗೂ ಸರ್ ಅವರಿಗೂ ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಇಬ್ಬರೂ ಉಳಿದರು. ಸರ್ ಅವರ ಬಲಗಿವಿ ಪೂರ್ತಿ ಹೋಯಿತು. ಜುಲೈಯಲ್ಲಿ ಅವರು ತರಗತಿಗೆ ಮರಳಿದಾಗ ಹರಟೆಯ ಹುಡುಗರೆಲ್ಲ ಬಲಗಡೆಯ ಬೆಂಚುಗಳಿಗೆ ಸರಿದುಕೊಂಡರಂತೆ. ಮೂರನೆಯ ದಿನ ಸರ್ ಕಪ್ಪುಹಲಗೆಗೆ ಬೆನ್ನು ಮಾಡಿ ಪಾಠ ಹೇಳುವುದನ್ನು ಬಿಟ್ಟು, ಕೋಣೆಯ ಹಿಂದಿನಿಂದ ಹೇಳತೊಡಗಿದರು. ಬಲಗಡೆಯವರು ತಾವೇ ಎಡಗಡೆಯವರಾದರು.

ಆ ತಪ್ಪಿನ ಪುಟವನ್ನು ಅಂದಿನಿಂದ ಎಷ್ಟೋ ಜನ ಓದಿದ್ದಾರೆ. ಹುಡುಕಿದವರ ಅಂಕಣದಲ್ಲಿ ನನ್ನ ಹೆಸರು ನೋಡಿ ಗುರುತಿಲ್ಲದವರು ಮೆಚ್ಚಿ ಪತ್ರ ಬರೆದಿದ್ದಾರೆ. ಪ್ರತಿ ಪತ್ರದ ಮುಂದೆಯೂ ನಾನು ಏನು ಉತ್ತರಿಸಬೇಕೆಂದು ತಿಳಿಯದೆ ಕೂತಿದ್ದೇನೆ. ನಾನು ಸುಮ್ಮನಿದ್ದ ಆ ನಾಲ್ಕು ದಿನ ಸರ್ ಅವರ ಮೇಲಿನ ಪ್ರೀತಿಯೋ ನನ್ನ ಮೇಲಿನ ಪ್ರೀತಿಯೋ? ಎರಡು ವರ್ಷ ಈ ಪ್ರಶ್ನೆ ನನ್ನ ಬಳಿ ಇತ್ತು.

ಈ ಮೇ ತಿಂಗಳಲ್ಲಿ ಸರ್ ನಿವೃತ್ತರಾದರು. ಲೇಖನ ಬರೆಯಲು ಒಪ್ಪಿಕೊಂಡ ಮರುದಿನ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಅವರ ಎಡಗಡೆ ಕೂತು ಹೇಳಿದೆ.

“ಸರ್, ತಪ್ಪಿನ ಪುಟದಾಗ ಒಂದು ತಪ್ಪೈತ್ರಿ. ನಾ ಹಾಕಿದ ತಾರೀಖು. ಅದು ಇಪ್ಪತ್ತಲ್ಲ, ಹದಿನಾರು.”

“ಗೊತ್ತೈತಿ” ಎಂದರು. “ಆ ಸಾಲು ಅಳಿಸಿದ ಕಡತದ ಮೈಮ್ಯಾಲ ತಾರೀಖ ಇರತೈತಿ, ತಮ್ಮಾ. ಅದನ್ನ ನಿನಗ ನಾನ ಕಲಿಸೇನಿ.”

“ಮತ್ತ ಯಾಕ ಕೇಳಲಿಲ್ರಿ?”

ಅವರು ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡರು.

“ಆ ನಾಕು ದಿನ ನಾ ಛಲೋ ನಿದ್ದಿ ಮಾಡೇನಿ. ಹಿನಾಂದ ತಪ್ಪ ಇರಬೇಕು ಅಂತ ನನ್ನಷ್ಟಕ್ಕ ನಾ ಹೇಳ್ಕೊಂಡಿದ್ನಿ. ನಮ್ಮಾಕಿ ಅಂಜ್ಯಾರ ಅಂದಿದ್ಲಲ್ಲ, ಖರೇನ ಅಂದಿದ್ಲು. ಅದಕ್ಕ ನಿನಗ ಏನಂತ ಬೈಲಿ?” ಸಿಪ್ಪೆಗಳನ್ನು ಒಟ್ಟುಮಾಡಿದರು. “ನನ್ನ ಪಾಲಿಂದು ನಾ ಬಿಟ್ಟೇನಿ. ಹೂಲಿ ಗುರವ್ವನ ಪಾಲಿಂದು ಬಿಡಾಕ ನಾ ಯಾರು? ಆಕಿಗೂ ಅವ ನಾಕು ದಿನ ಇದ್ವು.”

ಇದು ನನಗೆ ಹೊಳೆದೇ ಇರಲಿಲ್ಲ. ಎರಡು ವರ್ಷ ನಾನು ಆ ದಿನಗಳನ್ನು ಸರ್ ಮತ್ತು ನನ್ನ ನಡುವಿನವೆಂದೇ ತಿಳಿದಿದ್ದೆ.

ಮರುದಿನ ಹೂಲಿಗೆ ಹೋದೆ. ಗುರವ್ವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನಾನು ಯಾರೆಂದು ಹೇಳಿ, ನಡೆದದ್ದನ್ನೆಲ್ಲ ಅವರಿಗೆ ತಿಳಿಯುವಂತೆ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡರು.

“ನಾಕು ದಿನಾ? ಅಷ್ಟ ಹೇಳಾಕ ಬಸ್ಸ ಹತ್ತಿ ಬಂದ್ಯಾ?”

“ಹೌದ್ರಿ ಯವ್ವಾ.”

“ನಾ ಮೂರು ವರ್ಷ ತಲಿ ನೋಯತೈತಿ, ತಲಿ ನೋಯತೈತಿ ಅಂತ ಹೇಳ್ಕೊಂತ ತಿರಗೇನಿ. ಬಿಸಲಿಗೆ ಹೋಗಬ್ಯಾಡ ಅಂದ್ರು. ಚಾ ಬಿಡು ಅಂದ್ರು. ಸ್ವಸಿ ಮ್ಯಾಲಿನ ಸಿಟ್ಟು ತಲಿಗೇರೈತಿ ಅಂದ್ರು. ಅವರು ಒಬ್ಬರೂ ಬಂದು ತಪ್ಪಾತು ಅಂದಿಲ್ಲ. ನೀ ನಾಕು ದಿನಾ ಹಿಡಕೊಂಡು ಬಂದೀದಿ.” ಒಳಗೆ ತಿರುಗಿ ಸೊಸೆಗೆ ಕೂಗಿದರು: “ಒಂದು ಕಪ್ ಚಾ ಇಡವಾ. ದವಾಖಾನಿ ಮಂದಿ ತಪ್ಪಾತು ಅನ್ನಾಕ ಬಂದಾರ, ನೋಡಬಾ.”

ಕ್ಷಮಿಸಿದರೋ, ಹಾಸ್ಯ ಮಾಡಿದರೋ, ಎರಡೂ ಅಲ್ಲದ ಮತ್ತೇನನ್ನೋ ಹೇಳಿದರೋ ನನಗೆ ಗೊತ್ತಾಗಲಿಲ್ಲ. ಚಹಾ ಕುಡಿದು ಬಂದೆ.

ಸಂಜೆ ಸರ್ ಅವರಿಗೆ ಎಲ್ಲವನ್ನೂ ವರದಿ ಮಾಡಿದೆ. ನನ್ನ ಬಗ್ಗೆ ಗುರವ್ವ ಹೇಳಿದ್ದರಲ್ಲಿ ಅವರಿಗೆ ಆಸಕ್ತಿಯೇ ಇದ್ದಂತಿರಲಿಲ್ಲ.

“ಮೂರು ವರ್ಷ ಅಂದ್ಳಾ? ಯಾರ್ಯಾರ ಮುಂದ ಹೇಳಿದ್ಳಂತ?”

“ಕೇಳಲಿಲ್ರಿ.”

“ಮತ್ತ ಏನ ಕೇಳಿ ಬಂದಿ?” ಎಂದು ಎದ್ದು ಒಳಗಿನಿಂದ ಒಂದು ಗೆರೆ ಹಾಕಿದ ನೋಟ್‌ಬುಕ್ಕು ತಂದರು. “ಹೋಗಿ ಕೇಳು. ಹದಿನಾಲ್ಕೂ ಮಂದಿನ ಕೇಳು. ಮೊದಲ ಯಾರ ಮುಂದ ಹೇಳಿದ್ರು, ಅವರೇನಂದ್ರು, ಮಷೀನಿಗೆ ಬರೂದ್ರಾಗ ಎಷ್ಟ ದಿನ ಹೋದ್ವು. ನಮ್ಮ ನಾಕು ದಿನ ಕಡೀಕ ಬರೀ. ಅದರ ಹಿಂದಿನ ಮೂರು ವರ್ಷ ಎಲ್ಲಿ ಹೋದ್ವು ನೋಡೂಣು. ಮಷೀನ ಹೊರಗ ಇರೂ ತಪ್ಪಿಗೆ ನಾವು ಪುಟ ಇಟ್ಟಿಲ್ಲ.”

ತಪ್ಪಿನ ಪುಟದಲ್ಲಿ ತಾರೀಖನ್ನು ತಿದ್ದಿದ್ದೇನೆ. ಇಲ್ಲಿಯೂ ದಾಖಲಿಸುತ್ತೇನೆ: ಅದು ೨೦೦೬ರ ಮಾರ್ಚ್ ಹದಿನಾರು. ನೋಟ್‌ಬುಕ್ಕಿನಲ್ಲಿ ಇಲ್ಲಿಯವರೆಗೆ ಐದು ಜನರ ಮಾತು ಬರೆದಿದ್ದೇನೆ. ಇನ್ನೂ ಒಂಬತ್ತು ಜನ ಇದ್ದಾರೆ. ಅವರ ಹಿಂದೆ, ಯಂತ್ರದ ಬಾಗಿಲಿಗೇ ಬಾರದವರು ಎಷ್ಟಿದ್ದಾರೋ ಯಾರೂ ಬಲ್ಲವರಿಲ್ಲ. ಅವರನ್ನೂ ಹುಡುಕಬೇಕೆಂದು ಸರ್ ನಿನ್ನೆ ಫೋನಿನಲ್ಲಿ ಹೇಳಿದರು. ನಿವೃತ್ತಿ ಎಂಬ ಮಾತಿಗೆ ಅವರು ಕೊಟ್ಟ ಅರ್ಥ ಇದಾದರೆ, ಅಭಿನಂದಿಸುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಈ ಕೆಲಸ ಬೇಗ ಮುಗಿಯುವಂಥದ್ದಲ್ಲ. ಅದು ಮುಗಿಯುವವರೆಗೂ ಪ್ರೊ. ಬುರಾನಸಾಬ ನದಾಫ ಅವರು ಆರೋಗ್ಯದಿಂದ ನಮ್ಮ ನಡುವೆ ಇದ್ದು, ‘ಮತ್ತ ಏನ ಕೇಳಿ ಬಂದಿ’ ಎಂದು ಕೇಳುತ್ತಿರಲಿ.